ಬೈಕಿನ ರೇಡಿಯೇಟರ್ ಫ್ಯಾನ್: ಸರ್ವಿಸ್ ರಸ್ತೆಯ ಬಿಸಿಗೆ ಗಾಳಿಯ ಮದ್ದು

ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡಿತು. ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯಪಥದಲ್ಲಿ ಬೈಕು, ಸ್ಕೂಟರು, ಆಟೋ ಹಾಗೂ ಟ್ರ್ಯಾಕ್ಟರುಗಳ ಸಂಚಾರವನ್ನು ನಿಷೇಧಿಸಲಾಯಿತು. ಅಪಘಾತಗಳನ್ನು ತಡೆಯುವುದು ನಿಷೇಧದ ಉದ್ದೇಶ. ಆದರೆ ಬೈಕು ಮತ್ತು ಟ್ರ್ಯಾಕ್ಟರು ಒಂದೇ ಸರ್ವಿಸ್ ರಸ್ತೆಗೆ ಇಳಿದುದರಿಂದ ಮದ್ದೂರು, ಮಂಡ್ಯಗಳ ನಡುವೆ ಬೈಕ್ ಸವಾರರು ಮೊದಲಿಗಿಂತ ನಿಧಾನವಾಗಿ ಸಾಗಬೇಕಾಗಿದೆ. ಕಬ್ಬು ಅರೆಯುವ ಕಾಲದಲ್ಲಿ ಮದ್ದೂರಿನಿಂದ ಕೆ.ಎಂ.ದೊಡ್ಡಿಯ ಮೂಲಕ ಮಳವಳ್ಳಿಗೆ ಹೊರಟವರ ಪಾಡೂ ಇದೇ. ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರ್, ನೆತ್ತಿಯ ಮೇಲೆ ಬಿಸಿಲು, ಕಾಲಿನ ಬಳಿ ಎಂಜಿನ್ನಿನ ಝಳ. ಇಂಥ ಹೊತ್ತಿನಲ್ಲಿ ಎಂಜಿನ್ನನ್ನು ಕಾಯುವುದು ರೇಡಿಯೇಟರಿನ ಬೆನ್ನಿಗಿರುವ ಅಂಗೈಯಗಲದ ಫ್ಯಾನ್.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿಗಳು ಇದೇ ದಾರಿಯಲ್ಲಿ ದಶಕಗಳ ಕಾಲ ಓಡಿದವು. ಅವುಗಳಿಗೆ ರೇಡಿಯೇಟರೇ ಇರಲಿಲ್ಲ. ಸಿಲಿಂಡರಿನ ಸುತ್ತ ಇರುವ ಲೋಹದ ರೆಕ್ಕೆಗಳಿಗೆ ತಗಲುವ ಗಾಳಿಯೇ ಅವುಗಳ ತಂಪು. ಕಾರ್ಖಾನೆ 1996ರಲ್ಲಿ ಮುಚ್ಚಿತು. 2018ರ ನವೆಂಬರಿನಲ್ಲಿ ಜಾವಾ ಹೆಸರು ಮರಳಿ ಬಂದಾಗ 293 ಸಿಸಿ ಎಂಜಿನ್ನಿನ ಜೊತೆಗೆ ರೇಡಿಯೇಟರೂ ಬಂದಿತ್ತು. ಅಷ್ಟರಲ್ಲಿ 2008ರ ಯಮಹಾ ಆರ್15, 2012ರ ಕೆಟಿಎಂ 200 ಡ್ಯೂಕ್ ಮತ್ತು ಪಲ್ಸರ್ 200 ಎನ್‌ಎಸ್ ದ್ರವತಂಪು ಎಂಜಿನ್ನುಗಳನ್ನು ಜಿಲ್ಲಾ ಕೇಂದ್ರಗಳ ಬೀದಿಗೂ ತಂದಿದ್ದವು.

ಫ್ಯಾನ್ ತಿರುಗುವುದು ಯಾವಾಗ?

ಪೆಟ್ರೋಲು ಉರಿದು ಹುಟ್ಟುವ ಶಾಖದಲ್ಲಿ ಚಕ್ರ ತಿರುಗಿಸಲು ಬಳಕೆಯಾಗುವುದು ಸುಮಾರು ಕಾಲುಭಾಗದಿಂದ ಮೂರನೆಯ ಒಂದು ಭಾಗ. ಉಳಿದ ಶಾಖದ ಹೆಚ್ಚಿನ ಪಾಲನ್ನು ಸೈಲೆನ್ಸರ್ ಮತ್ತು ಕೂಲಂಟ್ ಹೊರಹಾಕಬೇಕು. ಎಂಜಿನ್ ತಣ್ಣಗಿದ್ದಾಗ ಥರ್ಮೋಸ್ಟಾಟ್ ಎಂಬ ಪುಟ್ಟ ಕವಾಟ ಕೂಲಂಟನ್ನು ರೇಡಿಯೇಟರಿಗೆ ಹೋಗಗೊಡುವುದಿಲ್ಲ. ಬಿಸಿ ಸಾಮಾನ್ಯವಾಗಿ 80 ಡಿಗ್ರಿ ಸೆಲ್ಸಿಯಸ್ ದಾಟುವ ಸುಮಾರಿಗೆ ಅದು ತೆರೆಯುತ್ತದೆ. ಬೈಕು ಓಡುತ್ತಿದ್ದರೆ ಎದುರುಗಾಳಿಯೇ ಸಾಕು. ನಿಂತರೆ, ಅಥವಾ ನಡಿಗೆಯ ವೇಗಕ್ಕೆ ಇಳಿದರೆ ಗಾಳಿಯೂ ನಿಲ್ಲುತ್ತದೆ. ಆಗ ಬಹುತೇಕ ಬೈಕುಗಳಲ್ಲಿ 100 ಡಿಗ್ರಿಯ ಆಸುಪಾಸಿನಲ್ಲಿ ಫ್ಯಾನ್ ಚಾಲೂ ಆಗಿ, ಕೆಲವು ಡಿಗ್ರಿ ಇಳಿದ ಮೇಲೆ ನಿಲ್ಲುತ್ತದೆ.

100 ಡಿಗ್ರಿ ಎಂದೊಡನೆ ಸವಾರ ಬೆಚ್ಚಬೇಕಾಗಿಲ್ಲ. ರೇಡಿಯೇಟರಿನ ಮುಚ್ಚಳ ಒಳಗಿನ ಒತ್ತಡವನ್ನು ಏರಿಸಿಟ್ಟಿರುತ್ತದೆ. ಹೊರಗಿನ ಒತ್ತಡಕ್ಕಿಂತ ಒಂದು ಬಾರ್ ಹೆಚ್ಚಿದ್ದರೆ ಬರಿಯ ನೀರೂ 120 ಡಿಗ್ರಿಯವರೆಗೆ ಕುದಿಯದು. ಗ್ಲೈಕಾಲ್ ಬೆರೆತ ಕೂಲಂಟ್ ಅದಕ್ಕೂ ಮೇಲೆ ತಡೆಯುತ್ತದೆ. ಮುಚ್ಚಳದ ರಬ್ಬರ್ ಸವೆದಿದ್ದರೆ ಈ ಲೆಕ್ಕ ತಪ್ಪುತ್ತದೆ. ಫ್ಯಾನ್ ಸರಿಯಿದ್ದೂ ಕೂಲಂಟ್ ಉಕ್ಕಿದರೆ ಮೊದಲು ಮುಚ್ಚಳವನ್ನೇ ಅನುಮಾನಿಸಬೇಕು.

ಹಳೆಯ ವಿನ್ಯಾಸದಲ್ಲಿ ರೇಡಿಯೇಟರಿಗೇ ಸೇರಿಸಿದ ಶಾಖದ ಸ್ವಿಚ್ ಫ್ಯಾನನ್ನು ನಡೆಸುತ್ತದೆ. ಹೊಸ ಬೈಕುಗಳಲ್ಲಿ ಸೆನ್ಸರ್ ಬಿಸಿಯನ್ನು ಅಳೆದು ಇಸಿಯುಗೆ ತಿಳಿಸುತ್ತದೆ. ಇಸಿಯು ರಿಲೇ ಮೂಲಕ ಫ್ಯಾನಿಗೆ ವಿದ್ಯುತ್ ಹರಿಸುತ್ತದೆ.

ಕೈ ಸ್ವಿಚ್ಚಿನ ಮೋಹ

ಟ್ರಾಫಿಕ್ಕಿನಲ್ಲಿ ತೊಡೆ ಸುಟ್ಟುಕೊಂಡ ಸವಾರ ಗ್ಯಾರೇಜಿಗೆ ಹೋಗಿ ಹ್ಯಾಂಡಲಿನಲ್ಲಿ ಫ್ಯಾನಿಗೊಂದು ಸ್ವಿಚ್ ಕೂರಿಸಿ ಎನ್ನುವುದು ಸಹಜ. ಫ್ಯಾನ್ ಸದಾ ತಿರುಗುತ್ತಿದ್ದರೆ ಎಂಜಿನ್ ಸದಾ ತಂಪು ಎಂಬ ನಂಬಿಕೆ ಮಾತ್ರ ಅರ್ಧ ಸತ್ಯ. ಬಿಸಿ ಇಳಿದಂತೆ ಥರ್ಮೋಸ್ಟಾಟ್ ಮುಚ್ಚಿಕೊಳ್ಳುವುದರಿಂದ ಅದರ ಮಟ್ಟಕ್ಕಿಂತ ಕೆಳಗೆ ಫ್ಯಾನ್ ಏನೂ ಮಾಡಲಾರದು. ವೇಗದ ಓಟದಲ್ಲಂತೂ ಎದುರುಗಾಳಿಯ ಮುಂದೆ ಫ್ಯಾನಿನ ಗಾಳಿ ಲೆಕ್ಕಕ್ಕಿಲ್ಲ. ಬ್ಯಾಟರಿಯ ಹೊರೆಯಷ್ಟೇ ಉಳಿಯುತ್ತದೆ. ಎಂಜಿನ್ ಸುಮ್ಮನೆ ಓಡುತ್ತ ನಿಂತಾಗ ಚಾರ್ಜಿಂಗ್ ಕಡಿಮೆ, ಹೆಡ್‌ಲೈಟ್ ಬೇರೆ ಉರಿಯುತ್ತಿರುತ್ತದೆ ಎಂಬುದನ್ನೂ ಮರೆಯಬಾರದು.

ಕಡಿಮೆ ಬಿಸಿಗೇ ಚಾಲೂ ಆಗುವ ಬದಲಿ ಶಾಖದ ಸ್ವಿಚ್ ಹಾಕುವವರೂ ಇದ್ದಾರೆ. ಇಲ್ಲೊಂದು ಸೂಕ್ಷ್ಮವಿದೆ. ಥರ್ಮೋಸ್ಟಾಟ್ 85 ಡಿಗ್ರಿಗೆ ತೆರೆಯುವ ಬೈಕಿಗೆ 82 ಡಿಗ್ರಿಯ ಸ್ವಿಚ್ ಹಾಕಿದರೆ ಬಿಸಿಲಿನ ದಿನ ಫ್ಯಾನ್ ನಿಲ್ಲುವ ಸಂದರ್ಭವೇ ಬರುವುದಿಲ್ಲ.

ಕೈ ಸ್ವಿಚ್ ಬೇಕೇ ಬೇಕೆನ್ನುವವರು ಅದನ್ನು ಮೂಲ ಸ್ವಿಚ್ಚಿಗೆ ಪಕ್ಕದಾರಿಯಾಗಿ ಜೋಡಿಸಬೇಕೇ ಹೊರತು ಅದರ ಬದಲಿಗೆ ಅಲ್ಲ. ಸವಾರ ಮರೆತರೂ ಮೂಲ ಸ್ವಿಚ್ ತನ್ನ ಕೆಲಸ ಮಾಡುತ್ತಿರಬೇಕು. ಫ್ಯಾನಿನ ವಿದ್ಯುತ್ತನ್ನು ನೇರವಾಗಿ ಹ್ಯಾಂಡಲಿನ ಸ್ವಿಚ್ಚಿಗೆ ತರದೆ, ರಿಲೇ ಇಟ್ಟು, ಪ್ರತ್ಯೇಕ ಫ್ಯೂಸ್ ಹಾಕಿ, ಕೀ ತಿರುಗಿಸಿದಾಗ ಮಾತ್ರ ವಿದ್ಯುತ್ ಹರಿಯುವಂತೆ ನೋಡಿಕೊಳ್ಳಬೇಕು. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿಎಸ್-6 ಬೈಕುಗಳಲ್ಲಿ ಸೆನ್ಸರಿನ ತಂತಿಗೆ ಕತ್ತರಿ ಹಾಕುವುದು ಅಪಾಯಕರ. ಇಸಿಯು ತಪ್ಪು ಲೆಕ್ಕ ಹಾಕಿ ಪೆಟ್ರೋಲಿನ ಪ್ರಮಾಣವೂ ಏರುಪೇರಾದೀತು. ವಾರಂಟಿಯ ತಕರಾರು ಬೇರೆ.

ನಿಜ ಹೇಳುವುದಾದರೆ ಇಂಥ ಸ್ವಿಚ್ಚಿಗಿಂತ ಒಂದು ಮೆತ್ತನೆಯ ಬ್ರಷ್ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ರಸ್ತೆಗೇ ಹರಡಿ ಒಕ್ಕಣೆ ಮಾಡುವ ರೂಢಿ ಇಲ್ಲಿದೆ. ಅದರ ಹೊಟ್ಟು, ಟ್ರ್ಯಾಕ್ಟರಿನಿಂದ ಉದುರುವ ಕಬ್ಬಿನ ತರಗು, ಗದ್ದೆ ಬಯಲಿನ ಕೆಸರು ಮುಂಚಕ್ರದಿಂದ ಚಿಮ್ಮಿ ರೇಡಿಯೇಟರಿನ ಕಿಂಡಿಗಳಲ್ಲಿ ಕೂರುತ್ತವೆ. ಕಿಂಡಿ ಮುಚ್ಚಿದರೆ ಫ್ಯಾನ್ ಎಷ್ಟು ತಿರುಗಿದರೂ ಗಾಳಿ ಹಾಯದು. ವಾಟರ್ ಸರ್ವಿಸ್ ಅಂಗಡಿಯ ಪ್ರೆಷರ್ ಪೈಪನ್ನು ಹತ್ತಿರದಿಂದ ಹಿಡಿದರೆ ತೆಳು ರೆಕ್ಕೆಗಳು ಬಾಗುತ್ತವೆ, ಫ್ಯಾನಿನ ಮೋಟರಿಗೂ ನೀರು ನುಗ್ಗುತ್ತದೆ.

ಬಿಸಿ ಏರಿದರೂ ಫ್ಯಾನ್ ತಿರುಗದಿದ್ದರೆ ಮೊದಲು ಫ್ಯೂಸ್, ಆಮೇಲೆ ಕನೆಕ್ಟರ್ ನೋಡಬೇಕು. ನಂತರ ಫ್ಯಾನಿನ ಎರಡು ತಂತಿಗಳನ್ನು ಬಿಡಿಸಿ 12 ವೋಲ್ಟ್ ಬ್ಯಾಟರಿಗೆ ನೇರ ತಾಗಿಸಿದರೆ ಮೋಟರಿನ ಹಣೆಬರಹ ತಿಳಿಯುತ್ತದೆ. ಅದು ತಿರುಗಿದರೆ ದೋಷ ಸ್ವಿಚ್, ಸೆನ್ಸರ್ ಅಥವಾ ರಿಲೇಯಲ್ಲಿದೆ. ರಿಪೇರಿಯ ಬಳಿಕ ತಂತಿಗಳು ತಿರುವುಮುರುವಾಗಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಸಾಮಾನ್ಯವಾಗಿ ಫ್ಯಾನ್ ಮುಂದಿನ ಗಾಳಿಯನ್ನು ರೇಡಿಯೇಟರಿನ ಮೂಲಕ ಹಿಂದಕ್ಕೆ ಎಳೆಯುತ್ತದೆ. ತಲೆಕೆಳಗಾಗಿ ಜೋಡಿಸಿದರೆ ಅದೇ ಎದುರುಗಾಳಿಗೆ ಅಡ್ಡ ನಿಲ್ಲುತ್ತದೆ.

ದಾರಿಯಲ್ಲೇ ಬಿಸಿಯ ದೀಪ ಹೊತ್ತಿದರೆ ನೆರಳಿನಲ್ಲಿ ನಿಲ್ಲಿಸಿ ಎಂಜಿನ್ ಬಂದ್ ಮಾಡಬೇಕು. ಹಾಗೇ ಓಡಿಸಿದರೆ ಹೆಡ್ ಗ್ಯಾಸ್ಕೆಟ್ ಸುಟ್ಟು, ಸಿಲಿಂಡರ್ ಹೆಡ್ ಸೊಟ್ಟಗಾಗಿ ಸಾವಿರಾರು ರೂಪಾಯಿ ಕೈಬಿಡುತ್ತದೆ. ಕಾದ ಎಂಜಿನ್ನಿಗೆ ತಣ್ಣೀರು ಎರಚಬಾರದು. ಅರ್ಧ ಗಂಟೆಯಾದರೂ ಕಾಯದೆ ರೇಡಿಯೇಟರಿನ ಮುಚ್ಚಳ ತೆರೆಯಲೇಬಾರದು. ಒತ್ತಡದಲ್ಲಿರುವ ಕೂಲಂಟ್ ಮುಖಕ್ಕೇ ಚಿಮ್ಮುತ್ತದೆ. ಪೂರ್ತಿ ಆರಿದ ಮೇಲೆ ಬೇರೇನೂ ಸಿಗದಿದ್ದರೆ ಕುಡಿಯುವ ನೀರನ್ನೇ ತುಂಬಿ ಮಂಡ್ಯವನ್ನೋ ಮಳವಳ್ಳಿಯನ್ನೋ ತಲುಪಬಹುದು. ಕೊಳವೆಬಾವಿಯ ಗಡಸು ನೀರು ಒಳಗೇ ಉಳಿದರೆ ಸುಣ್ಣ ಕಟ್ಟುವುದರಿಂದ, ಊರು ಸೇರಿದೊಡನೆ ಅದನ್ನು ಬಸಿದು ಹೊಸ ಕೂಲಂಟ್ ತುಂಬಿಸಬೇಕು.