ಸಾವಿರಕ್ಕೆ 801

ಕೊಡಗಿನ ಮಾತು ಬಂದಾಗಲೆಲ್ಲ ನಮ್ಮಜ್ಜಿ ಮೊದಲು ಹೇಳುತ್ತಿದ್ದುದು ಮಳೆಯ ಸುದ್ದಿಯಲ್ಲ, ಜಿಗಣೆಯ ಸುದ್ದಿಯೂ ಅಲ್ಲ. "ಅಲ್ಲಿ ಮಾತಾಡೋಕೆ ಒಂದು ಹೆಂಗಸು ಇರ್ಲಿಲ್ಲ ಕಣೆ" ಅನ್ನುತ್ತಿದ್ದಳು. ಪಿರಿಯಾಪಟ್ಟಣದ ಕಡೆಯ ಹಳ್ಳಿಯವಳು. 1936ರಲ್ಲಿ ಮದುವೆಯಾಗಿ ಸಿದ್ದಾಪುರದ ಹತ್ತಿರದ ಕಾಫಿ ತೋಟವೊಂದಕ್ಕೆ ರೈಟರ ಹೆಂಡತಿಯಾಗಿ ಹೋದಳು. ರೈಟರ್ ಅಂದರೆ ತೋಟದ ಲೆಕ್ಕ ಬರೆಯುವವರು. ತಾತನಿಗೂ ಸಾಹಿತ್ಯಕ್ಕೂ ಸಂಬಂಧವಿರಲಿಲ್ಲ.

ಅಜ್ಜಿಯ ಈ ಮಾತನ್ನು ಹೊಸ ಸೊಸೆಯ ಗೋಳು ಅಂತಲೇ ಬಹಳ ಕಾಲ ತಿಳಿದಿದ್ದೆ. ಒಮ್ಮೆ ಲೈಬ್ರರಿಯಲ್ಲಿ ಹಳೆಯ ಗ್ಯಾಸೆಟಿಯರ್ ತಿರುವುತ್ತಿದ್ದಾಗ 1901ರ ಜನಗಣತಿ ಕಣ್ಣಿಗೆ ಬಿತ್ತು. ಕೊಡಗಿನ ಒಟ್ಟು ಜನ 1,80,607. ಅದರಲ್ಲಿ ಗಂಡಸರು 1,00,258, ಹೆಂಗಸರು 80,349. ಕೈಯಲ್ಲಿದ್ದ ಬಸ್ ಟಿಕೆಟ್ಟಿನ ಹಿಂದೆ ಭಾಗಿಸಿ ನೋಡಿದೆ. ಸಾವಿರ ಗಂಡಸರಿಗೆ 801 ಹೆಂಗಸರು! ಅಜ್ಜಿ ಸುಳ್ಳು ಹೇಳಿರಲಿಲ್ಲ.

ಕೊಡಗು ದೊಡ್ಡ ಜಿಲ್ಲೆಯೇನಲ್ಲ, 4,102 ಚದರ ಕಿಲೋಮೀಟರು. ಪಶ್ಚಿಮಕ್ಕೆ ಘಟ್ಟದ ಗೋಡೆ; ಅದರಲ್ಲಿ 1,748 ಮೀಟರಿನ ತಡಿಯಂಡಮೋಳ್. ಅಲ್ಲಿಂದ ನೆಲ ಪೂರ್ವಕ್ಕೆ ಇಳಿಯುತ್ತಾ ಕುಶಾಲನಗರದ ಹೊತ್ತಿಗೆ ಬಯಲಾಗುತ್ತದೆ. ಕಾವೇರಿ ಹಿಡಿದದ್ದೂ ಇದೇ ದಾರಿ. ಅಜ್ಜಿಯ ಬಾಯಲ್ಲಿ ಕುಶಾಲನಗರ ಕೊನೆಯವರೆಗೂ ಫ್ರೇಜರ್‌ಪೇಟೆಯೇ. ಅವಳು ಹೋದಾಗ ಅಲ್ಲಿ ಹೊಳೆ ದಾಟಿದರೆ ಬೇರೆ ಸೀಮೆ: ಈಚೆ ಮೈಸೂರು ಮಹಾರಾಜರದು, ಆಚೆ 1834ರಿಂದ ಬ್ರಿಟಿಷರದು. ಎರಡೂ ಒಂದಾದದ್ದು 1956ರಲ್ಲಿ.

ಹೆಂಗಸರು ಎಲ್ಲಿ ಹೋಗಿದ್ದರು? 1854ರಲ್ಲಿ ಫೌಲರ್ ಎಂಬ ದೊರೆ ಮಡಿಕೇರಿಯ ಹತ್ತಿರ ತೋಟ ಮಾಡಿದ. ಅವನ ಹಿಂದೆ ಉಳಿದ ದೊರೆಗಳು ಬಂದರು. ಕಾಡು ಕಡಿಯಲು, ಗುಂಡಿ ತೋಡಲು, ಹಣ್ಣು ಕೊಯ್ಯಲು ಬೇಕಾಗುವಷ್ಟು ಕೈಗಳು ಆ ಬೆಟ್ಟದಲ್ಲಿರಲಿಲ್ಲ. ಮೇಸ್ತ್ರಿಗಳು ಮೈಸೂರು ಸೀಮೆಯ ಹಳ್ಳಿಗಳಿಗೆ ಬಂದು ಮುಂಗಡ ಕೊಟ್ಟು ಗಂಡಸರನ್ನು ಕರೆದೊಯ್ಯುತ್ತಿದ್ದರು. ಗಣತಿ ನಡೆದದ್ದು ಮಾರ್ಚ್ 1ಕ್ಕೆ, ಕೂಲಿಯವರು ಇನ್ನೂ ಪೂರ್ತಿ ಊರಿಗೆ ಮರಳಿರದ ಕಾಲ. ಹೆಣ್ಣು ಕಡಿಮೆ ಅಂದ ತಕ್ಷಣ ನಮಗೆ ಬೇರೆಯೇ ಭಯವಾಗುತ್ತದೆ. ಆದರೆ ಇಲ್ಲಿ ಲೆಕ್ಕಕ್ಕೆ ಸಿಗದ ಹೆಂಗಸು ಹುಣಸೂರಲ್ಲೋ ಪಿರಿಯಾಪಟ್ಟಣದಲ್ಲೋ ಮಕ್ಕಳನ್ನು ಕಟ್ಟಿಕೊಂಡು ರಾಗಿ ಬೀಸುತ್ತಾ ಕೂತಿದ್ದಳು.

ಅಲ್ಲಿಗೆ ಮಗಳನ್ನು ಕೊಡಲೂ ಜನ ಹೆದರುತ್ತಿದ್ದರಂತೆ, ಚಳಿಜ್ವರದ ಊರು ಅಂತ. ಹೆದರಿಕೆ ಸುಳ್ಳಲ್ಲ. 1931ರ ಗಣತಿಯ ಹೊತ್ತಿಗೆ ಕೊಡಗಿನ ಜನ ಹೆಚ್ಚುವ ಬದಲು 1,63,327ಕ್ಕೆ ಇಳಿದಿತ್ತು. ಮಲೇರಿಯಾದ ಜೊತೆಗೆ ನಡುವೆ 1918ರ ಇನ್‌ಫ್ಲುಯೆಂಜಾ ಬೇರೆ ಬಂದು ಹೋಗಿತ್ತು. ಅಜ್ಜಿ ಹೋದ ಕಾಲಕ್ಕೆ ಸುಂಟಿಕೊಪ್ಪದ ಕಡೆಯ ಇನ್ನೊಂದು ತೋಟದಲ್ಲಿ ಕೊಡಗಿನ ಗೌರಮ್ಮ ಕಥೆ ಬರೆಯುತ್ತಿದ್ದರು. 1939ರಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡಾಗ ಅವರಿಗಿನ್ನೂ 27. ಅವರ ಹೆಸರನ್ನು ನಮ್ಮಜ್ಜಿ ಕೇಳಿದ್ದು ನನ್ನ ಬಾಯಿಂದಲೇ. ಓದು ಬಾರದವಳು.

ಮೊದಲ ಹೆರಿಗೆಗೆ ತವರಿಗೆ ಹೋಗಬೇಕಿತ್ತು. ಏಳು ತಿಂಗಳಿಗೇ, ಆಷಾಢದ ಮಳೆಯ ರಾತ್ರಿ ನೋವು ಬಂತು. ತಾತ ಲಾಟೀನು ಹಿಡಿದು ಸೂಲಗಿತ್ತಿಯನ್ನು ಹುಡುಕಿಕೊಂಡು ಹೋದರು, ಬರುವಾಗ ಬೆಳಗಾಗಿತ್ತು. ಅಷ್ಟರಲ್ಲಿ ಕಿರುಚಾಟ ಕೇಳಿ ಲೈನ್ ಮನೆಯಿಂದ ಒಬ್ಬ ಎರವರ ಹೆಂಗಸು ಬಂದಳು. ಗೊರಬು ಹೊರಗಿಟ್ಟು ಒಳಗೆ ಬಂದವಳೇ ಅಜ್ಜಿಯ ಬೆನ್ನಿಗೆ ಒತ್ತಿ ಕೂತಳಂತೆ. ಅವಳ ಮಾತು ಅಜ್ಜಿಗೆ ತಿಳಿಯದು. ಮಗು ಉಳಿಯಲಿಲ್ಲ. ಹೆಣ್ಣು ಮಗು. ಅಜ್ಜಿ ಉಳಿದಳು. ಮೂರು ದಿನ ಆ ಹೆಂಗಸೇ ಗಂಜಿ ಕಾಸಿ ಕೊಟ್ಟಳು. ಮಡಿ ಮಾಡುತ್ತಿದ್ದ ಅಜ್ಜಿ ಕುಡಿದಳು.

"ಹಂಗಾದ್ರೆ ಹೆಂಗಸು ಇದ್ಲಲ್ಲಜ್ಜಿ?" ಅಂದೆ.

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಇದ್ಲು. ಎರಡು ವರ್ಷದಿಂದ ದಿನಾ ಬಾಗ್ಲು ಮುಂದೇನೇ ಓಡಾಡ್ತಿದ್ಲು. ನಾನು ಲೆಕ್ಕಕ್ಕೆ ತಗೊಂಡಿರ್ಲಿಲ್ಲ."

ಹಿಂದಿನ ಕಾಲದಲ್ಲಿ ಎರವರನ್ನು ಗದ್ದೆಯ ಜೊತೆಗೇ ಕೈಬದಲಾಯಿಸುತ್ತಿದ್ದರೆಂದು ನಾನು ಓದಿದ್ದು ಆಮೇಲೆ. ಆ ಹೆಂಗಸಿನ ಹೆಸರು ಕೇಳಬೇಕೆಂದು ನನಗೂ ಆಗ ಹೊಳೆಯಲಿಲ್ಲ.

1951ಕ್ಕೆ ಕೊಡಗಿನ ಜನ 2,29,405, 1961ಕ್ಕೆ 3,22,829. ಮಲೇರಿಯಾ ತಗ್ಗಿತು, ಬಯಲುಸೀಮೆಯಿಂದಲೂ ಕೇರಳದಿಂದಲೂ ಸಂಸಾರ ಸಮೇತ ಜನ ಬಂದರು. 2011ರಲ್ಲಿ ಸಾವಿರ ಗಂಡಸರಿಗೆ 1,019 ಹೆಂಗಸರು. ಕರ್ನಾಟಕಕ್ಕೆಲ್ಲ ಸೇರಿಸಿದರೆ 973. ಇದನ್ನು ಕಂಡು ನಾನು ಪೂರ್ತಿ ಹಿಗ್ಗಲಾರೆ. ಹಿಂದಿನ ಹತ್ತು ವರ್ಷದಲ್ಲಿ ಜಿಲ್ಲೆಯ ಜನ ಹೆಚ್ಚಿದ್ದು ಬರೀ ನೂರಕ್ಕೆ ಒಂದರಷ್ಟು. ಹೆಂಗಸರು ಬಂದದ್ದು ನಿಜ. ಗಂಡು ಮಕ್ಕಳು ಬೆಂಗಳೂರಿಗೋ ಪಟಾಲಮ್ಮಿಗೋ ಹೊರಟದ್ದೂ ಇದರಲ್ಲಿ ಸೇರಿರಬೇಕು. 2021ರಲ್ಲಂತೂ ಗಣತಿಯೇ ನಡೆಯಲಿಲ್ಲ.

ಹೋದ ಸಲ ಸಿದ್ದಾಪುರಕ್ಕೆ ಹೋದಾಗ ಕೊಯ್ಲಿನ ಕಾಲ. ಅಜ್ಜಿಯ ಮನೆ ಇರಲಿಲ್ಲ, ಲೈನ್ ಮನೆಗಳಿದ್ದವು. ಅಸ್ಸಾಮಿನಿಂದ ಬಂದ ಸಂಸಾರಗಳು. ಹಗ್ಗದ ಮೇಲೆ ಸೀರೆ, ನೈಟಿ, ಮಕ್ಕಳ ಫ್ರಾಕು ಒಣಗುತ್ತಿದ್ದವು. ಒಬ್ಬಳು ಹೊಸ್ತಿಲಲ್ಲಿ ಕೂತು ಇನ್ನೊಬ್ಬಳ ತಲೆ ಬಾಚುತ್ತಿದ್ದಳು. ಏನು ನೆನೆದೋ ಇಬ್ಬರೂ ನಗುತ್ತಿದ್ದರು.