ಗೀಳು ಮನೋರೋಗ: ಸಂಬಂಧಪಟ್ಟ ಮಿದುಳಿನ ಭಾಗಗಳು ಹಾಗೂ ಅಂಗವಿಕಲತೆ ಪ್ರಮಾಣಪತ್ರ

ಬೇಡವೆಂದರೂ ಮರುಕಳಿಸುವ ಆಲೋಚನೆ ಹಾಗೂ ಅದರಿಂದುಂಟಾಗುವ ಆತಂಕವನ್ನು ತಣಿಸಲು ಪದೇ ಪದೇ ಕೈಗೊಳ್ಳುವ ಕ್ರಿಯೆ, ಇವು ಗೀಳು ಮನೋರೋಗದ ಮುಖ್ಯ ಲಕ್ಷಣಗಳಾಗಿರುತ್ತವೆ. ವೈದ್ಯರು ಇದನ್ನು ಒ.ಸಿ.ಡಿ. ಎಂದು ಕರೆಯುತ್ತಾರೆ. ಗಂಟೆಗಟ್ಟಲೆ ಕೈ ತೊಳೆಯುವುದನ್ನು ಅತಿಯಾದ ಮಡಿಯೆಂದೋ, ಬೀಗವನ್ನು ಹತ್ತಾರು ಬಾರಿ ಎಳೆದು ನೋಡುವುದನ್ನು ಹಠವೆಂದೋ ಮನೆಯವರು ಭಾವಿಸುವುದರಿಂದ ಚಿಕಿತ್ಸೆ ವರ್ಷಗಟ್ಟಲೆ ತಡವಾಗುವುದುಂಟು.

ಈ ರೋಗದಲ್ಲಿ ಮಿದುಳಿನ ಒಂದೇ ಭಾಗವಲ್ಲ, ಹಲವು ಭಾಗಗಳನ್ನು ಜೋಡಿಸುವ ಸುತ್ತುಮಾರ್ಗವೊಂದು ಏರುಪೇರಾಗಿರುತ್ತದೆ. ಕಣ್ಣುಗುಳಿಗಳ ಮೇಲಿರುವ ಆರ್ಬಿಟೋಫ್ರಂಟಲ್ ಕಾರ್ಟೆಕ್ಸ್ ಯಾವುದು ಅಪಾಯ, ಯಾವುದು ಮುಖ್ಯ ಎಂಬುದನ್ನು ಅಳೆಯುತ್ತದೆ. ಆಂಟೀರಿಯರ್ ಸಿಂಗ್ಯುಲೇಟ್ ಕಾರ್ಟೆಕ್ಸ್ ತಪ್ಪನ್ನು ಗುರುತಿಸಿ ಎಚ್ಚರಿಸುತ್ತದೆ. ಈ ಸಂಕೇತಗಳು ಮಿದುಳಿನ ಒಳಭಾಗದ ಕಾಡೇಟ್ ನ್ಯೂಕ್ಲಿಯಸ್‌ಗೆ ತಲುಪಿ, ಅಲ್ಲಿ ಸೋಸಲ್ಪಟ್ಟು, ಥಲಾಮಸ್ ಮೂಲಕ ಪುನಃ ಕಾರ್ಟೆಕ್ಸ್‌ಗೆ ಮರಳುತ್ತವೆ. ಸೋಸುವಿಕೆ ಸಾಲದಾದಾಗ ಎಚ್ಚರಿಕೆ ನಿಲ್ಲದೆ ಸುತ್ತುತ್ತಿರುತ್ತದೆ ಎಂಬುದು ತಜ್ಞರ ಪ್ರಮುಖ ವಿವರಣೆ. ಬೀಗ ಹಾಕಿದ್ದು ತಿಳಿದಿದ್ದರೂ ಮನಸ್ಸು ಒಪ್ಪದಿರುವುದು ಇದರಿಂದಲೇ; ಬುದ್ಧಿಹೇಳಿ ಗದರಿಸುವುದರಿಂದ ಪ್ರಯೋಜನವಾಗದು.

1987ರಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಲೂಯಿಸ್ ಬ್ಯಾಕ್ಸ್‌ಟರ್ ಮತ್ತು ಸಂಗಡಿಗರು ಪಿ.ಇ.ಟಿ. ಸ್ಕ್ಯಾನ್ ಮೂಲಕ ಇಂತಹ ರೋಗಿಗಳ ಆರ್ಬಿಟೋಫ್ರಂಟಲ್ ಹಾಗೂ ಕಾಡೇಟ್ ಭಾಗಗಳಲ್ಲಿ ಗ್ಲೂಕೋಸ್ ಬಳಕೆ ಹೆಚ್ಚಿರುವುದನ್ನು ಕಂಡರು. 1992ರ ಅವರ ವರದಿ ಇನ್ನೂ ಮಹತ್ವದ್ದು: ಫ್ಲುಯೊಕ್ಸೆಟಿನ್ ಔಷಧಿಯಿಂದಾಗಲಿ, ಬರೀ ವರ್ತನಾ ಚಿಕಿತ್ಸೆಯಿಂದಾಗಲಿ ಗುಣ ಕಂಡವರಲ್ಲಿ ಬಲಗಡೆಯ ಕಾಡೇಟ್‌ನ ಚಟುವಟಿಕೆ ತಗ್ಗಿತ್ತು.

ಆದರೆ ಇವು ಗುಂಪಿನ ಸರಾಸರಿಯಲ್ಲಿ ಕಂಡ ವ್ಯತ್ಯಾಸಗಳು. ಒಬ್ಬ ವ್ಯಕ್ತಿಯ ಸ್ಕ್ಯಾನ್ ನೋಡಿ ರೋಗವಿದೆ ಅಥವಾ ಇಲ್ಲ ಎಂದು ಹೇಳಲಾಗದು. ಮನೋವೈದ್ಯರು ಸಂದರ್ಶನದಿಂದಲೇ ರೋಗವನ್ನು ನಿರ್ಧರಿಸುತ್ತಾರೆ. ಬೇರೆ ನರರೋಗದ ಶಂಕೆಯಿದ್ದಲ್ಲಿ ಮಾತ್ರ ಸ್ಕ್ಯಾನ್ ಸೂಚಿಸಬಹುದು.

ಅರ್ಜಿದಾರರು ಗಮನಿಸಬೇಕಾದ ಅಂಶವೂ ಇದೇ. ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರಲ್ಲಿ ಮಾನಸಿಕ ಅಸ್ವಸ್ಥತೆಯೂ ಸೇರಿರುತ್ತದೆ. ಅದರ ಪ್ರಮಾಣವನ್ನು ಐಡಿಯಾಸ್ ಮಾಪನದಿಂದ ನಿರ್ಧರಿಸಲಾಗುತ್ತದೆ. ಸ್ವಂತ ಆರೈಕೆ, ಜನರೊಡನೆ ಒಡನಾಟ, ಸಂವಹನ ಮತ್ತು ಗ್ರಹಿಕೆ, ಕೆಲಸ ಹಾಗೂ ಕಾಯಿಲೆಯ ಅವಧಿ ಇಲ್ಲಿ ಲೆಕ್ಕಕ್ಕೆ ಬರುತ್ತವೆ, ಸ್ಕ್ಯಾನ್‌ಗೆ ಅಂಕಗಳಿಲ್ಲ. ಶೇ. 40 ಅಥವಾ ಅದಕ್ಕಿಂತ ಹೆಚ್ಚಿದ್ದಲ್ಲಿ ಮಾನದಂಡ ಅಂಗವಿಕಲತೆ ಎಂದು ಪರಿಗಣಿಸಲಾಗುತ್ತದೆ. ಆದ್ದರಿಂದ ಪ್ರಮಾಣಪತ್ರಕ್ಕೆಂದೇ ಸಾಲ ಮಾಡಿ ಎಂ.ಆರ್.ಐ. ಮಾಡಿಸುವ ಅಗತ್ಯವಿರುವುದಿಲ್ಲ. ಚಿಕಿತ್ಸೆಯ ಹಳೆಯ ಚೀಟಿಗಳನ್ನು ಜೋಪಾನವಾಗಿಟ್ಟು, ದಿನಚರಿಯನ್ನು ಬಲ್ಲ ಮನೆಯವರೊಬ್ಬರೊಂದಿಗೆ ತಪಾಸಣೆಗೆ ಹಾಜರಾಗುವುದು ಹೆಚ್ಚು ಉಪಯುಕ್ತ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಈ ರೋಗಕ್ಕೆ ಪ್ರತ್ಯೇಕ ಚಿಕಿತ್ಸಾಲಯವಿದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದಾಗಿದೆ.