ಬಿಟ್ಟ ಕೆಲಸದ ಹೊಣೆ ಯಾರದು?

1990ರ ದಶಕದ ಆರಂಭದಲ್ಲಿ ಬೆಂಗಳೂರಿನ ಮಹಿಳೆಯೊಬ್ಬರು ಸಹೋದ್ಯೋಗಿಯ ಜೊತೆ ಮದುವೆಯಿಲ್ಲದೆ ಬಾಳತೊಡಗಿದರು. ಕೆಲಸವನ್ನೂ ಬಿಟ್ಟರು. ವರ್ಷಗಳ ನಂತರ ಸಂಬಂಧ ಮುರಿಯಿತು. ತಿಂಗಳಿಗೆ 18,000 ರೂಪಾಯಿ ಜೀವನಾಂಶ ಕೊಡಬೇಕೆಂದು ಮ್ಯಾಜಿಸ್ಟ್ರೇಟ್ ಆದೇಶಿಸಿದರು. ಆದರೆ ಆ ಆದೇಶ ಹೈಕೋರ್ಟಿನಲ್ಲಿ ಬಿದ್ದುಹೋಯಿತು. 2013ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೂಡ, ಆತ ವಿವಾಹಿತನೆಂದು ಆಕೆಗೆ ಮೊದಲೇ ತಿಳಿದಿದ್ದರಿಂದ ಇದು ‘ಮದುವೆಯ ಸ್ವರೂಪದ ಸಂಬಂಧ’ವಲ್ಲ ಎಂದಿತು. ಸಂಬಂಧ ಮುರಿದ ದಿನ ಅನ್ವಯವಾಗುವ ಕಾನೂನು, ಕೆಲಸ ಬಿಡುವ ದಿನವೇ ನಮ್ಮ ಲೆಕ್ಕದೊಳಗೆ ಬಂದಿರುತ್ತದೆಯೇ? ಅರ್ಥಶಾಸ್ತ್ರಜ್ಞರು ನಾಲ್ಕು ದಶಕಗಳಿಂದ ಹುಡುಕುತ್ತಿರುವುದು ಇದಕ್ಕೆ ಉತ್ತರವನ್ನು.

ಗ್ಯಾರಿ ಬೆಕರ್ 1981ರ ತಮ್ಮ ಗ್ರಂಥದಲ್ಲಿ ಕುಟುಂಬವನ್ನು ಒಂದೇ ಜೇಬಿನ ಸಂಸಾರವೆಂದು ಕಂಡರು: ಒಬ್ಬರು ಸಂಪಾದನೆಯಲ್ಲಿ, ಇನ್ನೊಬ್ಬರು ಮನೆಗೆಲಸದಲ್ಲಿ ಪಳಗಿದರೆ ಇಬ್ಬರಿಗೂ ಲಾಭ. ಆ ಜೇಬು ಹರಿದಾಗ ಮನೆಯಲ್ಲಿ ದುಡಿದವರಿಗೆ ಏನು ಉಳಿಯುತ್ತದೆ ಎಂಬುದಕ್ಕೆ ಅಲ್ಲಿ ಹೆಚ್ಚು ಜಾಗವಿರಲಿಲ್ಲ. ಅದೇ ಸುಮಾರಿಗೆ ಮಾರ್ಜೊರಿ ಮೆಕೆಲ್‌ರಾಯ್ ಮತ್ತು ಮೇರಿ ಜೀನ್ ಹಾರ್ನಿ, ಆಮೇಲೆ ಪಿಯರ್ ಆಂಡ್ರೆ ಶಿಯಾಪೊರಿ, ಮನೆಯೊಳಗೆ ಇಬ್ಬರ ಮಾತಿಗೂ ಬೇರೆ ಬೇರೆ ತೂಕವಿದೆ ಎಂದು ತೋರಿಸಿದರು. ಹೊರನಡೆದರೆ ಕೈಗೆ ಏನು ಸಿಗುತ್ತದೆ ಎಂಬುದೂ ಆ ತೂಕವನ್ನು ನಿರ್ಧರಿಸುತ್ತದೆ. ಕಾನೂನು ಮನೆಯೊಳಗೆ ಕಾಲಿಡುವುದು ಈ ಬಾಗಿಲಿನಿಂದ.

ಮೊದಲ ಪರೀಕ್ಷೆ ನಡೆದದ್ದು ಅಮೆರಿಕದ ವಿಚ್ಛೇದನ ಕಾನೂನುಗಳ ಮೇಲೆ. ಒಬ್ಬರೇ ಕೇಳಿದರೂ ವಿಚ್ಛೇದನ ಸಿಗುವಂತಾದ ಮೇಲೆ, ಆಸ್ತಿಯನ್ನು ದಂಪತಿಗಳ ಸಮಪಾಲೆಂದು ಕಾಣುವ ರಾಜ್ಯಗಳಲ್ಲಿ ಹೆಂಡತಿಯರ ಹೊರದುಡಿಮೆ ಹೆಚ್ಚಿತೆಂದು ಜೆಫ್ರಿ ಗ್ರೇ 1998ರಲ್ಲಿ ಬರೆದರು. 2015ರಲ್ಲಿ ಅಲೆಸ್ಸಾಂಡ್ರಾ ವೊಯೆನಾ, ಒಂದೇ ಮನೆಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಮಾಹಿತಿಯಿಂದ, ಅಂಥ ರಾಜ್ಯಗಳಲ್ಲಿ ಅದು ಕಡಿಮೆಯಾಯಿತೆಂದರು. ಹಕ್ಕು ಸಿಕ್ಕವರು ಹೊರಗೆ ದುಡಿಯುವ ಧೈರ್ಯವನ್ನೂ ತೋರಬಹುದು, ಮನೆಯಲ್ಲಿ ಉಳಿಯುವ ಧೈರ್ಯವನ್ನೂ ತೋರಬಹುದು ಎಂಬುದು ಈ ಭಿನ್ನಮತದಿಂದ ನನಗೆ ಕಾಣುವ ಪಾಠ.

ಮದುವೆಯಾಗದ ಜೋಡಿಗಳ ಬಗ್ಗೆ ಗಟ್ಟಿ ಸಾಕ್ಷ್ಯ ಕೊಟ್ಟದ್ದು ಬ್ರೆಜಿಲ್. ಐದು ವರ್ಷಕ್ಕೂ ಹೆಚ್ಚು ಕೂಡಿ ಬಾಳಿದವರಿಗೆ, ಇಲ್ಲವೇ ಮಕ್ಕಳಿರುವವರಿಗೆ, 1994ರ ಕಾನೂನು ಜೀವನಾಂಶದ ಹಕ್ಕು ಕೊಟ್ಟಿತು. ಮಾರ್ಕೋಸ್ ರಂಜೆಲ್ 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಈ ಮಹಿಳೆಯರ ದುಡಿಮೆಯ ಹೊರೆ ಇಳಿಯಿತು. ಮಕ್ಕಳ ಓದಿಗೆ, ಅದರಲ್ಲೂ ದೊಡ್ಡ ಹೆಣ್ಣುಮಕ್ಕಳ ಓದಿಗೆ, ಹೆಚ್ಚು ಒತ್ತು ಸಿಕ್ಕಿತು. ಕಾನೂನು ಹೊಸದಾದರೂ ಜೋಡಿಗಳು ಹಳೆಯವೇ. ಹಾಗಾಗಿ ಒಳಗಿನ ತೂಕ ಬದಲಾದದ್ದು ಸ್ಪಷ್ಟವಾಗಿ ಕಂಡಿತು.

ಕೆನಡಾ ಇನ್ನೂ ದೊಡ್ಡ ಪ್ರಯೋಗಶಾಲೆ. ಅಲ್ಲಿನ ಒಂಟಾರಿಯೊ ಪ್ರಾಂತ್ಯ 1978ರಿಂದಲೇ ಸಹಜೀವನದವರಿಗೆ ಜೀವನಾಂಶ ಕೊಟ್ಟಿತು, ಆಸ್ತಿಯಲ್ಲಿ ಮದುವೆಯಾದವರ ಪಾಲು ಕೊಡಲಿಲ್ಲ. ಬ್ರಿಟಿಷ್ ಕೊಲಂಬಿಯಾ 2013ರಿಂದ, ಎರಡು ವರ್ಷ ಕೂಡಿ ಬಾಳಿದವರಿಗೆ ಆಸ್ತಿಯ ಹಂಚಿಕೆಯನ್ನೂ ಒಪ್ಪಿತು. ಸಹಜೀವನ ಅತಿ ಸಾಮಾನ್ಯವಾಗಿರುವ ಕ್ವಿಬೆಕ್ ಎರಡನ್ನೂ ಕೊಟ್ಟಿರಲಿಲ್ಲ. ಕೆನಡಾದ ಸುಪ್ರೀಂ ಕೋರ್ಟ್ 2013ರಲ್ಲಿ ಅದನ್ನು ಎತ್ತಿಹಿಡಿಯಿತು. 2025ರ ಜೂನ್ 30ರಂದು ಅಥವಾ ಅದರ ನಂತರ ಮಗು ಪಡೆದ ಜೋಡಿಗಳಿಗೆ ಕ್ವಿಬೆಕ್ ಕೆಲವು ಆಸ್ತಿ ಹಕ್ಕುಗಳನ್ನು ತೆರೆದಿದೆ. ಒಂದೇ ದೇಶದ ಈ ಅಂತರಗಳೇ ಸಂಶೋಧಕರ ಅಳತೆಗೋಲು.

ಭಾರತದಲ್ಲಿ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ‘ಮದುವೆಯ ಸ್ವರೂಪದ ಸಂಬಂಧ’ದಲ್ಲಿರುವ ಮಹಿಳೆಯರಿಗೆ ಒಂದು ಕಿಂಡಿ ತೆರೆಯಿತು. ಉತ್ತರಾಖಂಡದ ಸಮಾನ ನಾಗರಿಕ ಸಂಹಿತೆ 2025ರ ಜನವರಿಯಿಂದ ಸಹಜೀವನದ ನೋಂದಣಿಯನ್ನು ಕಡ್ಡಾಯ ಮಾಡಿ, ಸಂಗಾತಿ ಕೈಬಿಟ್ಟ ಮಹಿಳೆಗೆ ಜೀವನಾಂಶ ಕೇಳುವ ಅವಕಾಶ ಕೊಟ್ಟಿದೆ. ರಕ್ಷಣೆಗೆ ಖಾಸಗಿ ಬದುಕಿನ ನೋಂದಣಿಯೇ ಬೆಲೆಯಾಗುವುದು ನನಗೆ ಒಪ್ಪಿಗೆಯಿಲ್ಲ. ಆದರೆ ರಕ್ಷಣೆ ಬೇಕು ಎಂಬುದರಲ್ಲಿ ಅನುಮಾನವಿಲ್ಲ. ಕೆಲಸ ಬಿಡುವ ತೀರ್ಮಾನ ಇಬ್ಬರ ಅನುಕೂಲಕ್ಕಾಗಿ ಆದದ್ದಾದರೆ, ಅದರ ನಷ್ಟ ಒಬ್ಬರ ತಲೆಗೇ ಬೀಳಬಾರದು. ಅಡುಗೆಮನೆಯಲ್ಲಿ ಕಳೆದ ವರ್ಷಗಳು ಸಂಬಳದ ಚೀಟಿಯಲ್ಲಿ ಬರೆದಿರುವುದಿಲ್ಲ. ಅವನ್ನು ಲೆಕ್ಕಕ್ಕೆ ಹಿಡಿಯುವ ಕೆಲಸ ಕಾನೂನಿನದು.